ಬೆಂಕಿ ಹಚ್ಚದ ಒಲೆಯ ಪಂಡಿತರು

ನಮ್ಮ ಮನೆಯವರಿಗೆ ಗಾಳಿ ಕಾಣಿಸುತ್ತದೆ. ಇಷ್ಟು ಹೇಳಿದ ಕೂಡಲೇ ನೀವು ಯಾವುದೋ ಗುಡಿಯ ವಿಳಾಸ ಕೊಡಲು ಬಾಯಿ ತೆರೆಯುತ್ತೀರಿ ಎಂದು ನನಗೆ ಗೊತ್ತು. ಬೇಡ, ಇದು ತಾಯಿತ ಕಟ್ಟಿಸುವ ಗಾಳಿಯಲ್ಲ. ಪಂಖದ ಗಾಳಿ, ಬಾಗಿಲ ಸಂದಿಯ ಗಾಳಿ, ಚಹ ಆರಿಸಲು ಬಸಿಯ ಮೇಲೆ ಊದುತ್ತೇವಲ್ಲ, ಆ ಗಾಳಿ. ನಾವು ನೀವು ಒಂದು ಕೋಣೆಯೊಳಗೆ ಹೋದರೆ ಕುರ್ಚಿ, ಮಂಚ, ಮನುಷ್ಯರನ್ನು ನೋಡುತ್ತೇವೆ. ಇವರು ಅವುಗಳ ನಡುವೆ ಖಾಲಿ ಉಳಿದ ಜಾಗವನ್ನು ನೋಡುತ್ತಾರೆ. ಮದುವೆಯಾಗಿ ಇಪ್ಪತ್ತೊಂದು ವರ್ಷ ಆಯಿತು. ಇವರು ನನ್ನನ್ನು ನೋಡಿದ್ದಕ್ಕಿಂತ ನನ್ನ ಅಕ್ಕಪಕ್ಕದ ಖಾಲಿ ಜಾಗವನ್ನು ನೋಡಿದ್ದೇ ಹೆಚ್ಚು.

ಹೆಸರು ಹೇಳುವುದಿಲ್ಲ. ಒಡಪು ಕಟ್ಟಿ ಗಂಡನ ಹೆಸರು ಹೇಳುವ ರೂಢಿ ನಮ್ಮ ಕಡೆ ಇದೆಯಾದರೂ, ಇಲ್ಲಿ ಮುಂದೆ ನಾನು ಬೈಯಲಿರುವಷ್ಟು ಬೈದು ಕೊನೆಗೆ ಒಡಪು ಹಾಕಿದರೆ ಚೆನ್ನಾಗಿರುವುದಿಲ್ಲ.

ಇಂಥವರ ಕೈಗೆ ಈ ವರ್ಷ ನನ್ನ ಒಲೆಯ ಮುಂದಿನ ಜಾಗ ಸಿಕ್ಕಿಬಿಟ್ಟಿತು. ಬೆಂಗೇರಿಯಲ್ಲಿ ನಮ್ಮ ಮನೆಯ ಹಿತ್ತಿಲಿನ ಒಂದು ಭಾಗಕ್ಕೆ ತಗಡು ಹೊದಿಸಿ ನಾನೊಂದು ರೊಟ್ಟಿ ಕೇಂದ್ರ ನಡೆಸುತ್ತೇನೆ. ಆರು ಒಲೆ, ಆರು ಹಂಚು, ನನ್ನನ್ನೂ ಹಿಡಿದು ಆರು ಜನ ಹೆಂಗಸರು. ಹುಬ್ಬಳ್ಳಿಯ ನಾಲ್ಕಾರು ಖಾನಾವಳಿಗಳಲ್ಲಿ ನೀವು ಮುರಿದ ಖಡಕ್ ರೊಟ್ಟಿ ನಮ್ಮದೇ ಇರಬಹುದು. ಮೂಲೆಯ ಮೊದಲ ಒಲೆ ನನ್ನದು. ಹದಿನಾಲ್ಕು ವರ್ಷಗಳಿಂದ ಅಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೇನೆ. ಮನೆಯೊಳಗೆ ನಾನು ಸೊಸೆ, ಹೆಂಡತಿ, ಅತ್ತಿಗೆ ಎಂದು ಏನೇನೋ ಆಗಿರುತ್ತೇನೆ. ಆ ಮಣೆಯ ಮೇಲೆ ಕೂತಾಗ ಮಾತ್ರ ನಾನು ನಾನಾಗಿರುತ್ತೇನೆ.

ಕಳೆದ ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಕಷಾಯ ಕುಡಿದೆ, ಜೇನು ನೆಕ್ಕಿದೆ, ಹೋಗಲಿಲ್ಲ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿ, "ಅಕ್ಕಾರ, ನಿಮ್ಮ ಶೆಡ್ಡಿನ ಹೊಗಿ ಹೊರಗ ಹಾಕ್ರಿ, ಇಲ್ಲಾಂದ್ರ ನೀವು ಹೊರಗ ಬರ್ರಿ. ಎರಡರಾಗ ಒಂದು" ಎಂದರು. ಗ್ಯಾಸ್ ಒಲೆ ಹಾಕಬಹುದಿತ್ತಲ್ಲ ಎನ್ನುತ್ತೀರಾ? ಖಾನಾವಳಿಯವರು ಕಟ್ಟಿಗೆಯ ಒಲೆಯ ರೊಟ್ಟಿಯೇ ಬೇಕೆನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಗ್ಯಾಸಿನ ಮೇಲೆ ಸುಟ್ಟದ್ದು ರೊಟ್ಟಿಯಲ್ಲ, ಬಿಸ್ಕೀಟು. ಹಾಗಾಗಿ ಹೊಗೆಯನ್ನೇ ಹೊರಗೆ ಹಾಕಬೇಕಿತ್ತು. ಅದಕ್ಕೆ ಮನೆಯಲ್ಲೇ ಒಬ್ಬ ಗಾಳಿಯ ಪಂಡಿತರಿರುವಾಗ ಊರೆಲ್ಲ ಯಾಕೆ ಹುಡುಕಬೇಕು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಪಾಂಡಿತ್ಯ ಎಂಥದೆಂದು ಮೊದಲು ಹೇಳಬೇಕು. ಇವರು ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಾಸ್ತರರು. ವಿಮಾನದ ಇಂಜಿನ್ ಒಂದು ಗ್ಯಾಸ್ ಟರ್ಬೈನ್ ಅಂತೆ, ಅದರ ಹೊಟ್ಟೆಯಲ್ಲಿ ಒಂದು ಒಲೆ ಇರುತ್ತದಂತೆ. ಡಬ್ಬಿಯಂಥ ಒಲೆ, ಮೈತುಂಬ ತೂತು. ಮುಂದಿನಿಂದ ಗಾಳಿ ಒತ್ತಿ ತುಂಬುತ್ತಾರೆ, ಎಣ್ಣೆ ಚಿಮುಕಿಸುತ್ತಾರೆ, ಉರಿ ಹಚ್ಚುತ್ತಾರೆ. ನಮ್ಮ ತಗಡು ಹಾರಿಸುವ ಬಿರುಗಾಳಿಗಿಂತ ಜೋರು ಗಾಳಿ ಅದರೊಳಗೆ ನುಗ್ಗುತ್ತಿದ್ದರೂ ಉರಿ ಮಾತ್ರ ಆರಬಾರದು. ಅದಕ್ಕಾಗಿ ಗಾಳಿಯನ್ನು ತಿರುವಿ ಬಿಟ್ಟು, ನಡುವೆ ಅದು ಸುಳಿಯಾಗಿ ಹಿಂದಕ್ಕೆ ಹೊರಳುವಂತೆ ಮಾಡುತ್ತಾರೆ. ಆ ಸುಳಿಯ ಮರೆಯಲ್ಲಿ ಉರಿ ಕೂತಿರುತ್ತದೆ. ಒಳಗೆ ಎಲ್ಲೆಲ್ಲಿ ಗಾಳಿಯ ವೇಗ ಎಷ್ಟು, ಎಲ್ಲೆಲ್ಲಿ ಅದು ಎಷ್ಟು ತಳಮಳಿಸುತ್ತದೆ, ಇದನ್ನು ಅಳೆಯುವುದೇ ನಮ್ಮವರ ಕೆಲಸ. ವೇಗ ನನಗೆ ತಿಳಿಯಿತು. ತಳಮಳ ಎಂದರೇನು ಎಂದು ಒಮ್ಮೆ ಕೇಳಿದೆ.

"ಈಗ ನಿನ್ನನಽ ತಗೋ," ಎಂದರು. "ಮುಂಜಾನಿಂದ ಸಂಜಿತನಕಾ ಸರಾಸರಿ ತಗದ್ರ ನೀ ಭಾಳ ಶಾಂತ ಹೆಂಗಸು. ಆದ್ರ ಒಂದೊಂದು ನಿಮಿಷಕ್ಕ ಏನಾಗತೈತಿ ಅನ್ನೂದು ಸರಾಸರ್ಯಾಗ ಬರೂದಿಲ್ಲ. ಅದು ತಳಮಳ."

ಆ ನಿಮಿಷ ನನ್ನ ತಳಮಳ ಎಷ್ಟಿತ್ತೆಂದು ಅಳೆಯಲು ಅವರ ಬಳಿ ಯಂತ್ರ ಇರಲಿಲ್ಲ. ಅವರ ಪುಣ್ಯ.

ಇವರು ಹೀಗೆಂದು ಮದುವೆಗೆ ಮೊದಲೇ ಗೊತ್ತಾಗಬೇಕಿತ್ತು. ಮುಗದದ ನಮ್ಮ ಅಪ್ಪನ ಮನೆಗೆ ಕನ್ಯಾ ನೋಡಲು ಬಂದರು. ಉಪ್ಪಿಟ್ಟು ಆಯಿತು, ಚಹ ಆಯಿತು. ನಾನು ಬಂದು ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತೆ. ಹುಡುಗ ತಲೆ ಎತ್ತಿ ಮಾಡಿನ ಕಡೆಗೇ ನೋಡುತ್ತಿದ್ದರು. ನಾಚಿಕೆ ಎಂದುಕೊಂಡೆ. ಅಪ್ಪ, "ಹುಡುಗೀನ ಏನರ ಕೇಳೂದಿದ್ರ ಕೇಳ್ರಿ" ಎಂದರು. ಇವರು ಗಂಟಲು ಸರಿಪಡಿಸಿಕೊಂಡು ಕೇಳಿದರು: "ಈ ಪಂಖಾದ ಒಂದು ಎಲಿ ಬಾಗೇತಲ್ಲರಿ, ಯಾವಾಗಿಂದ?"

ಪಡಸಾಲೆಯಲ್ಲಿದ್ದ ಹತ್ತು ಜನ ಹಿರಿಯರೂ ಪಂಖವನ್ನು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. "ಜೇಡರ ಬಲಿ ತಗಿಯಾಗ ನನ್ನ ಕೈಯಾಗಿನ ಕಸಬರಗಿ ತಾಗಿತ್ರಿ" ಎಂದೆ. ಇದು ನಮ್ಮ ಮೊದಲ ಸಂಭಾಷಣೆ. ಅವ್ವನಿಗೆ ಮಾತ್ರ ಬಹಳ ಸಂತೋಷವಾಯಿತು. "ಹುಡುಗ ಶಾಣ್ಯಾ ಅದಾನ, ಮನೀ ಪಂಖಾ ಎಲ್ಲಾ ತಾನಽ ದುರಸ್ತಿ ಮಾಡತಾನ" ಎಂದಳು. ಇಷ್ಟು ವರ್ಷಗಳಲ್ಲಿ ಇವರು ಒಂದು ಪಂಖವನ್ನೂ ದುರಸ್ತಿ ಮಾಡಿಲ್ಲ. ಎಲ್ಲವನ್ನೂ ಅಳೆದಿದ್ದಾರೆ.

ಅಳೆಯುವ ಸಾಮಾನಿನ ಕಥೆ ಬೇರೆ. ಎರಡು ಸೂಜಿಗಳ ಮೊನೆಗೆ ಒಂದು ತಂತಿ ಬೆಸೆದಿರುತ್ತದೆ. ಕೂದಲನ್ನು ಹತ್ತು ಸಲ ಸೀಳಿದರೆ ಎಷ್ಟು ತೆಳುವೋ ಅಷ್ಟು ತೆಳು. ನನಗೆ ಅದು ಕಾಣಿಸುವುದೇ ಇಲ್ಲ. ಇವರು ಇದೆ ಎನ್ನುತ್ತಾರೆ, ನಾನು ನಂಬುತ್ತೇನೆ, ಸಂಸಾರ ಎಂದರೆ ಹಾಗೇ. ಆ ತಂತಿಗೆ ಕರೆಂಟು ಹರಿಸಿ ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದರೆ ಅದು ಆರುತ್ತದೆ. ಮತ್ತೆ ಅಷ್ಟೇ ಬಿಸಿ ಇಡಲು ಎಷ್ಟು ಕರೆಂಟು ಹೆಚ್ಚು ಬೇಕಾಯಿತೋ ಅದರಿಂದ ಗಾಳಿಯ ವೇಗ ಗೊತ್ತಾಗುತ್ತದೆ. ಎಷ್ಟು ಸೂಕ್ಷ್ಮ ಎಂದರೆ, ಒಂದು ನೊಣ ಕೂತರೂ ತಂತಿ ತುಂಡಾಗುತ್ತದೆ. ತುಂಡಾದ ದಿನ ಇವರು ಊಟ ಮಾಡುವುದಿಲ್ಲ, ಯಾರ ಜೊತೆಗೂ ಮಾತಾಡುವುದಿಲ್ಲ, ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕೂತುಬಿಡುತ್ತಾರೆ. ಹಾಗೆ ಕೂತಿದ್ದನ್ನು ಒಮ್ಮೆ ನೋಡಿ, ನಮ್ಮ ಕೇಂದ್ರದ ಹಿರಿಯಳಾದ ಶಾಂತವ್ವ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಬಾಯಿಗೆ ಹಿಡಿದು ಒಳಗೆ ಬಂದಳು.

"ಅಕ್ಕಾರ, ಯಾರು ಹ್ವಾದ್ರು?"

"ತಂತಿ" ಎಂದೆ.

"ಯಾವ ಊರಾಗಿದ್ರವ್ವಾ ಅವರು?" ಎಂದಳು ಪಾಪ.

ಇನ್ನು ಇವರನ್ನು ಕರೆದುಕೊಂಡು ತವರಿಗೆ ಹೋಗುವುದೆಂದರೆ ನನಗೆ ಅಂಜಿಕೆ. ಒಂದು ಸಲ ಮುಗದದಲ್ಲಿ ನಮ್ಮ ಸೋದರಮಾವ ಕಣದಲ್ಲಿ ಹೆಸರುಕಾಳು ತೂರುತ್ತಿದ್ದರು. ಮುಂಜಾನೆಯಿಂದ ಗಾಳಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಡುವಣ ಕಡೆಯಿಂದ ಒಳ್ಳೇ ಗಾಳಿ ಎದ್ದಿತು. ಮಾವ ಮೊರ ಎತ್ತಿದರು. "ಮಾವಾರ, ಒಂದ ಚೂರು ತಡೀರಿ, ಅಳತಿ ಹಿಡಿತೇನಿ. ನೀವು ತೂರಿದ್ರ ಗಾಳಿ ಕಲಕತೈತಿ" ಎಂದು ಇವರು ಚೀಲದಿಂದ ಸಣ್ಣ ಪಂಖದಂಥ ಯಂತ್ರ ತೆಗೆದು ಕಣದ ನಡುವೆ ಹಿಡಿದು ನಿಂತರು. ಅಳಿಯನೆಂಬ ಮರ್ಯಾದೆಗೆ ಮಾವ ಎತ್ತಿದ ಮೊರ ಎತ್ತಿಕೊಂಡೇ ನಿಂತರು. ಇವರು ಹತ್ತು ಸಲ ಅಳೆದು, ಹತ್ತು ಸಲ ಬರೆದುಕೊಂಡು, ಯಂತ್ರವನ್ನು ಚೀಲದೊಳಗೆ ಇಡುವ ಹೊತ್ತಿಗೆ ಗಾಳಿ ನಿಂತುಹೋಯಿತು.

"ಹೆಂಗಿತ್ರಿ ಗಾಳಿ?" ಎಂದರು ಮಾವ, ಮೊರ ಇಳಿಸುತ್ತ.

"ಭಾಳ ಛಲೋ ಇತ್ರಿ ಮಾವಾರ."

"ಹೌದ್ರಿ. ಇತ್ತು."

ಆ ವರ್ಷದ ಹೆಸರುಕಾಳನ್ನು ಮಾವ ಮರುದಿನ ತೂರಿದರು, ನಾವು ಬಸ್ಸು ಹತ್ತಿದ ಮೇಲೆ.

ಇಷ್ಟಾದರೂ ನನಗೆ ಇವರ ವಿದ್ಯೆಯ ಮೇಲೆ ಒಂದು ಗೌರವ ಇತ್ತು. ನಾನೂ ಒಲೆಯವಳು, ಇವರೂ ಒಲೆಯವರು. ನಂದು ರೊಟ್ಟಿಯ ಒಲೆ, ಇವರದು ವಿಮಾನದ ಒಲೆ ಎಂದು ಓಣಿಯ ಹೆಂಗಸರ ಮುಂದೆ ಹೇಳಿಕೊಂಡೂ ಇದ್ದೆ. ಆ ಗೌರವ ಹೋದದ್ದು ಪ್ರಯೋಗಶಾಲೆ ನೋಡಲು ಹೋದ ದಿನ. ಡಾಕ್ಟರ ಮಾತಾದ ಮರುವಾರ, ಹೊಗೆಯ ವಿಷಯ ಇವರ ತಲೆಗೆ ಹೊಗಲಿ ಎಂದು, ರೊಟ್ಟಿ ಬುತ್ತಿ ಕಟ್ಟಿಕೊಂಡು ನಾನೇ ಕಾಲೇಜಿಗೆ ಹೋದೆ. ಒಂದು ದೊಡ್ಡ ಕೋಣೆ. ನಡುವೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ಕಿನ ಡಬ್ಬಿ, ಮೈತುಂಬ ತೂತು. ಒಂದು ಕಡೆಯಿಂದ ದೊಡ್ಡ ಊದುಯಂತ್ರ ಗಾಳಿ ಊದುತ್ತಿತ್ತು. ಸುತ್ತಲೂ ನೋಡಿದೆ. ಮಸಿ ಇಲ್ಲ, ಬೂದಿ ಇಲ್ಲ, ಗೋಡೆ ಹಾಲಿನಷ್ಟು ಬಿಳಿ.

"ಬೆಂಕಿ ಎಲ್ಲೈತ್ರಿ?" ಎಂದೆ.

"ಬೆಂಕಿ ಹಚ್ಚೂದಿಲ್ಲ."

"ಇವತ್ತು ಒಲಿಗೆ ರಜಾ ಏನ್ರಿ?"

"ಎಂದೂ ಹಚ್ಚೂದಿಲ್ಲ. ಬೆಂಕ್ಯಾಗ ತಂತಿ ಹಿಡದ್ರ ಸುಟ್ಟು ಹೋಗತೈತಿ. ಬೆಂಕಿ ಇಲ್ಲದಾಗ ಒಲ್ಯಾಗ ಗಾಳಿ ಹೆಂಗ ಓಡಾಡತೈತಿ ಅನ್ನೂದಷ್ಟು ನಾ ಅಳೀತೇನಿ. ಉರಿ ಹತ್ತಿದಮ್ಯಾಲಿಂದು ಬ್ಯಾರೆಯವರು ಲೇಸರ್ ಹಾಕಿ ನೋಡ್ತಾರ."

ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ಒಲೆಯ ಅಧ್ಯಯನ ಮಾಡಿ, ಡಾಕ್ಟರೇಟು ತೆಗೆದುಕೊಂಡು, ದೇಶವಿದೇಶದ ಪತ್ರಿಕೆಗಳಲ್ಲಿ ಬರೆದು, ಈ ಮನುಷ್ಯ ಒಂದು ದಿನವೂ ಕಡ್ಡಿ ಗೀರಿಲ್ಲ. ನನ್ನ ಹತ್ತಿರ ರೊಟ್ಟಿ ಕಲಿಯಲು ಬಂದವಳು ಯಾರಾದರೂ ಹೀಗೆ ಮಾಡಿದ್ದರೆ ಎರಡನೇ ದಿನಕ್ಕೆ ಮನೆಗೆ ಕಳಿಸುತ್ತಿದ್ದೆ. ಆದರೂ ಬುತ್ತಿ ಬಿಚ್ಚಿಕೊಟ್ಟು ನನ್ನ ಮಾತು ಹೇಳಿದೆ: "ನಿಮ್ಮ ವಿಮಾನದ ಒಲಿ ಹಂಗಽ ಇರ್ಲಿ. ನಮ್ಮ ಶೆಡ್ಡಿನ ಹೊಗಿ ಹೊರಗ ಹೋಗೂವಂಗ ಏನರ ಮಾಡ್ರಿ. ಇಲ್ಲಾಂದ್ರ ಡಾಕ್ಟರು ನನ್ನ ಒಲಿ ಬಿಡಸ್ತಾರ."

"ಅಷ್ಟನಽ? ಅಳತಿ ತಗೊಂಡ್ರ ಆತು" ಎಂದರು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಸೋಮವಾರ ನಮ್ಮ ಒಲೆಗಳಿಗೆ ರಜೆ. ಸತತ ನಾಲ್ಕು ಸೋಮವಾರ ಇವರು ಶೆಡ್ಡನ್ನು ವಶಪಡಿಸಿಕೊಂಡರು. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಹಾಕಿದರು. ಒಂದೊಂದು ಚೌಕದಲ್ಲೂ ಕೋಲು ನಿಲ್ಲಿಸಿ, ಅದರ ತುದಿಗೆ ಆ ಕಾಣದ ತಂತಿ ಸಿಕ್ಕಿಸಿ, ಮೊಣಕಾಲೆತ್ತರಕ್ಕೆ ಒಮ್ಮೆ, ಎದೆಯೆತ್ತರಕ್ಕೆ ಒಮ್ಮೆ ಅಳೆದರು. ಕಾಯಿದೆಗಳು ಬೇರೆ. ಯಾರೂ ಒಳಗೆ ಬರಬಾರದು. ಬಾಗಿಲು ತೆರೆಯಬಾರದು. ಒಲೆಯಲ್ಲಿ ಕೆಂಡ ಕೂಡ ಇರಬಾರದು. ನಾನು ಹೊರಗೆ ಕಿಟಕಿಯ ಹತ್ತಿರ ನಿಂತು ಒಮ್ಮೆ ಕೆಮ್ಮಿದ್ದಕ್ಕೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ನೆಟ್ಟಗೆ ಹೋಗುತ್ತಿದ್ದ ಗೆರೆ ಒಂದು ಕಡೆ ಟಣ್ಣನೆ ಮೇಲೆ ಜಿಗಿದಿತ್ತು.

"ನೋಡು, ನೀ ಕೆಮ್ಮಿದ್ದು ಇಲ್ಲಿ ಬಂದೈತಿ. ಸ್ವಲ್ಪ ಆಚಿ ಓಣ್ಯಾಗ ಹೋಗಿ ಕೆಮ್ಮು."

ಕಟ್ಟಿಕೊಂಡ ಹೆಂಡತಿ ಕೆಮ್ಮುತ್ತಿದ್ದಾಳೆಂದು ಅಳತೆ ಶುರು ಮಾಡಿದವರು, ಅಳತೆ ಕೆಡುತ್ತದೆಂದು ಹೆಂಡತಿಯನ್ನು ಕೆಮ್ಮಲು ಆಚೆ ಓಣಿಗೆ ಕಳಿಸಿದರು. ನಾನು ಹೋಗಲಿಲ್ಲ, ಅಲ್ಲೇ ನಿಂತು ಇನ್ನೆರಡು ಸಲ ಜೋರಾಗಿ ಕೆಮ್ಮಿದೆ. ಅದೂ ಬಂದಿರಬೇಕು.

ಮೂರನೆಯ ವಾರ ಶಾಂತವ್ವ ಮರೆತ ಎಲೆಅಡಿಕೆ ಸಂಚಿ ತೆಗೆದುಕೊಂಡು ಹೋಗಲು ಬಂದವಳು ನೆಲದ ಚೌಕಗಳನ್ನೂ, ನಡುವೆ ನಿಂತ ಕೋಲನ್ನೂ ನೋಡಿದಳು. ಇವರು ಆಗ ಊಟಕ್ಕೆ ಒಳಗೆ ಬಂದಿದ್ದರು. ಯಾರೋ ನಮ್ಮ ಕೇಂದ್ರಕ್ಕೆ ಮಾಟ ಮಾಡಿಸಿದ್ದಾರೆಂದು ಅವಳಿಗೆ ಖಾತ್ರಿಯಾಯಿತು. ಮನೆಗೆ ಓಡಿಹೋಗಿ ವಿಭೂತಿ ತಂದು, ಒಂದೊಂದು ಚೌಕಕ್ಕೂ ಚಿಟಿಕೆ ಹಾಕಿ, ಕೋಲಿಗೂ ಮೂರು ಬೆರಳು ಎಳೆದು, ನಿಂಬೆಹಣ್ಣು ನಿವಾಳಿಸಿ ಹೋದಳು. ಊಟ ಮುಗಿಸಿ ಬಂದ ಇವರು ಬಗ್ಗಿ ಒಂದೊಂದು ಚೌಕವನ್ನೂ ನೋಡಿದರು. ಕೊನೆಗೆ, "ಈ ವಿಭೂತಿ ಹಾರಿಲ್ಲ ನೋಡು. ಅಂದ್ರ ನೆಲದ ಹತ್ರ ಗಾಳಿ ಭಾಳ ಕಡಿಮಿ" ಎಂದು ಬರೆದುಕೊಂಡರು. ಶಾಂತವ್ವನ ಹೆಸರನ್ನು ಪ್ರಬಂಧದಲ್ಲಿ ಹಾಕಬೇಕೆಂದೂ ಒಂದು ಮಾತು ಹೇಳಿದರು.

ಐದನೆಯ ಸೋಮವಾರ ನಕ್ಷೆ ತಯಾರಾಯಿತು. ಬಾಣದ ಗುರುತುಗಳಿಂದ ತುಂಬಿದ, ನೋಡಲು ಚೆಂದದ ನಕ್ಷೆ. ಪಡುವಣ ಕಿಟಕಿಯಿಂದ ಬರುವ ಗಾಳಿ ತಳಮಳ ಎಬ್ಬಿಸುತ್ತದೆ, ಅದನ್ನು ಮುಚ್ಚಬೇಕು. ಒಲೆಗಳ ಎದುರಿನ ಗೋಡೆಗೆ ಒಳಗಿನ ಗಾಳಿ ಎಳೆಯುವ ದೊಡ್ಡ ಪಂಖ ಕೂಡಿಸಿದರೆ ಗಾಳಿ ನೆಟ್ಟಗೆ ಸಾಲಾಗಿ ಹೊರಗೆ ಹೋಗುತ್ತದೆ ಎಂದು ತೀರ್ಮಾನ. ನಮ್ಮ ಓಣಿಯ ಮೆಹಬೂಬ ಕಾಕಾ ತಗಡು ಮತ್ತು ವೆಲ್ಡಿಂಗ್ ಕೆಲಸದವರು. ನಕ್ಷೆಯನ್ನು ತಿರುಗಾಮುರುಗಾ ಮಾಡಿ ನೋಡಿ, "ಸಾಹೇಬ್ರ, ಹೊಗಿ ಬರೂದು ಈ ಕಡೆ, ಪಂಖಾ ಹಾಕೂದು ಆ ಕಡೆ?" ಎಂದು ಕೇಳಿದರು.

"ಅಳತಿ ಹಂಗಽ ಹೇಳತೈತಿ ಕಾಕಾ."

"ಅಳತಿ ಹೇಳಿದ್ರ ಮುಗೀತ್ರಿ" ಎಂದು ಕಾಕಾ ಗೋಡೆ ಒಡೆದರು.

ಮಂಗಳವಾರ ಬೆಳಿಗ್ಗೆ ಆರೂ ಒಲೆ ಹಚ್ಚಿ ನಾವು ಆರೂ ಜನ ನಮ್ಮ ನಮ್ಮ ಮಣೆಯ ಮೇಲೆ ಕೂತೆವು. ಇವರು ಬಾಗಿಲಲ್ಲಿ ನಿಂತು ಹೊಸ ಪಂಖದ ಗುಂಡಿ ಒತ್ತಿದರು. ಮುಂದಿನದನ್ನು ಹೇಗೆ ಹೇಳಲಿ? ಹೊಗೆ ನಕ್ಷೆಯಲ್ಲಿದ್ದ ಹಾಗೆಯೇ, ನೆಟ್ಟಗೆ, ಸಾಲಾಗಿ, ಒಲೆಯಿಂದ ಪಂಖದ ಕಡೆಗೆ ಹೊರಟಿತು. ಒಲೆಗೂ ಪಂಖಕ್ಕೂ ನಡುವೆ ಆರು ಮುಖಗಳಿರುತ್ತವೆ ಎನ್ನುವುದೊಂದು ಆ ನಕ್ಷೆಯಲ್ಲಿರಲಿಲ್ಲ. ನಾಲ್ಕು ಸೋಮವಾರ ಅಳೆದದ್ದು ಬೆಂಕಿ ಇಲ್ಲದ ಒಲೆ, ಹೆಂಗಸರಿಲ್ಲದ ಶೆಡ್ಡು. ಐದು ನಿಮಿಷಕ್ಕೆ ಎಲ್ಲರೂ ಕಣ್ಣು ಮೂಗು ಒರೆಸಿಕೊಳ್ಳುತ್ತ ಹಿತ್ತಿಲಿಗೆ ಓಡಿದೆವು.

"ಸಾಹೇಬ್ರ," ಎಂದಳು ಶಾಂತವ್ವ ಬೇವಿನ ಗಿಡ ಹಿಡಿದುಕೊಂಡು, "ಮೊದ್ಲ ಅರ್ಧಾ ಹೊಗಿ ಹೊರಗ ಹೋಗಿ ಅರ್ಧಾ ನಮ್ಮ ಮಾರಿಗೆ ಬರ್ತಿತ್ರಿ. ಈಗ ಒಂದು ಚೂರೂ ಹಾಳಾಗವಲ್ದು."

ಎಲ್ಲರೂ ನಕ್ಕರು. ನಾನು ನಗಲು ಹೋದೆ, ಉಸಿರು ಬರಲಿಲ್ಲ. ಒಳಗೆ ಎಳೆದುಕೊಂಡದ್ದು ಗಂಟಲಲ್ಲೇ ನಿಂತುಬಿಟ್ಟಿತು. ಆಮೇಲೆ ಆಟೋ, ದವಾಖಾನೆ, ಮೂಗಿಗೆ ಹಚ್ಚಿದ ಹಬೆಯ ಮುಖವಾಡ. ಡಾಕ್ಟರು ಈ ಸಲ ಎರಡರಲ್ಲಿ ಒಂದು ಎನ್ನಲಿಲ್ಲ. "ನಾಳಿಂದ ಒಲಿ ಮುಂದ ಕುಂಡ್ರಬ್ಯಾಡ್ರಿ. ಹದಿನೈದು ದಿನಾ ಬಿಟ್ಟು ಬರ್ರಿ, ಆ ಮ್ಯಾಲೆ ಹೇಳ್ತೇನಿ, ಪೂರಾ ಬಿಡೂದೋ ಏನು ಅಂತ" ಎಂದರು.

ಮನೆಗೆ ಬಂದವಳೇ ನಾನು ಇವರನ್ನು ಬೈದೆ. ಉಸಿರು ಕಡಿಮೆ ಇದ್ದುದರಿಂದ ಚಿಕ್ಕದಾಗಿ ಬೈದೆ. "ನಾವು ಇಲ್ಲದ ಅಡಗಿಮನಿ ಅಳದು ಏನ ಮಾಡ್ತೀರಿ? ಒಲಿ ಮುಂದ ಮನುಷ್ಯಾರು ಇರ್ತಾರ ಅಂತ ನಿಮಗ ಗೊತ್ತಿಲ್ಲೇನ್ರಿ? ನನ್ನ ಜಾಗಾ ಹೋತು. ನಿಮ್ಮ ನಕ್ಷಿ ಛಲೋ ಬಂದೈತಿ, ಕಟ್ಟು ಹಾಕಿಸಿ ತೂಗಹಾಕ್ರಿ."

ಯಾವ ಮಾತಿಗೂ ಒಂದು ಲೆಕ್ಕದ ಉತ್ತರ ಕೊಡುವವರು ಅಂದು ನಕ್ಷೆ ಮಡಚಿಕೊಂಡು ಹಿತ್ತಿಲಿಗೆ ನಡೆದರು. ನನಗೆ ಅದರಿಂದ ಇನ್ನೂ ಸಿಟ್ಟು ಬಂತು.

ಮರುದಿನದಿಂದ ನಾನು ಮುಂಬಾಗಿಲ ಕಟ್ಟೆಯ ಮೇಲೆ. ಹಿತ್ತಿಲಿಗೆ ಬರಬೇಡ ಎಂದು ಇವರದೂ ಶಾಂತವ್ವನದೂ ಆಜ್ಞೆ. ಶೆಡ್ಡಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹದಿನಾಲ್ಕು ವರ್ಷ ಆ ಸದ್ದಿನೊಳಗೇ ಕೂತಿದ್ದವಳಿಗೆ ಅದನ್ನು ದೂರದಿಂದ ಕೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಐದು ಜನರ ಬಡಿತ ಗುರುತು ಹತ್ತುತ್ತಿತ್ತು. ಮೂಲೆಯಿಂದ ಆರನೆಯದೊಂದು ಬರುತ್ತಿತ್ತು, ತಾಳವಿಲ್ಲ, ಲಯವಿಲ್ಲ. ನನ್ನ ಜಾಗಕ್ಕೆ ಆಗಲೇ ಯಾರನ್ನೋ ಕೂಡಿಸಿಬಿಟ್ಟಿದ್ದಾರೆ ಎಂದುಕೊಂಡೆ. ಮೂರನೆಯ ದಿನ ಒಂದು ಖಾನಾವಳಿಯಿಂದ ಫೋನ್ ಬಂತು: "ಅಕ್ಕಾರ, ಇವತ್ತಿನ ಕಟ್ಟಿನ್ಯಾಗ ಹತ್ತು ರೊಟ್ಟಿ ಬ್ಯಾರೆ ನಮೂನಿ ಅದಾವ್ರಿ. ಒಂದು ಕಡೆ ಹಪ್ಪಳ, ಒಂದು ಕಡೆ ಹಲಗಿ."

ಅದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಹಿತ್ತಿಲಿಗೆ ನಡೆದೆ.

ನನ್ನ ಮಣೆಯ ಮೇಲೆ ನಮ್ಮ ಮನೆಯವರು ಕೂತಿದ್ದರು. ಜ್ವರ ಬಂದಾಗಲೂ ಕಾಲೇಜಿಗೆ ರಜೆ ಹಾಕದವರು, ಲುಂಗಿ ಮೇಲೆತ್ತಿ ಕಟ್ಟಿ, ತಲೆಗೆ ನನ್ನ ಹಳೆಯ ಟವೆಲ್ಲು ಸುತ್ತಿಕೊಂಡು, ಜೋಳದ ಹಿಟ್ಟನ್ನು ಬಡಿಯುತ್ತಿದ್ದರು. ಮುಖದ ಸುತ್ತ ಟವೆಲ್ಲಿಗೆ ಬಿದಿರುಕಡ್ಡಿ ಸಿಕ್ಕಿಸಿ, ಗಾಳಿ ಎತ್ತ ಹೊರಳುತ್ತದೆಂದು ನೋಡಲು ಒಂದೊಂದಕ್ಕೂ ಅರಳೆಯ ಎಳೆ ಇಳಿಬಿಟ್ಟಿದ್ದರು. ಒಲೆಯಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. ಹೊಸ ಪಂಖವನ್ನು ಕಿತ್ತು ಒಲೆಗಳ ಮೇಲಿನ ಗೋಡೆಗೆ ಹಾಕಿದ್ದರು, ಮುಚ್ಚಿದ ಕಿಟಕಿ ತೆರೆದಿತ್ತು. ಉಳಿದ ಐವರ ಮುಂದೆ ಹೊಗೆ ಇರಲಿಲ್ಲ. ಮೂಲೆಯಲ್ಲಿ ಇವರೊಬ್ಬರ ಮುಖದ ಮುಂದೆ ಮಾತ್ರ ಸುತ್ತುತ್ತಿತ್ತು. ಕಣ್ಣು ಎರಡೂ ಕೆಂಪು, ಕೆನ್ನೆಯ ಮೇಲೆ ನೀರಿನ ಗೆರೆ. ಕೆಮ್ಮಿದರು, ಹಿಟ್ಟಿನ ಕೈಯಿಂದಲೇ ಏನೋ ಬರೆದುಕೊಂಡರು, ಮತ್ತೆ ಬಡಿದರು. ಹಂಚಿನ ಮೇಲಿನ ರೊಟ್ಟಿಗೆ ಯಾವ ಆಕಾರವೂ ಇರಲಿಲ್ಲ.

"ಇದೇನ್ರಿ?" ಎಂದೆ.

"ನಾಕ ದಿನದಿಂದ ಇದಽ ಆಗೇತಿ ಅಕ್ಕಾರ," ಎಂದಳು ಶಾಂತವ್ವ. "ನಾನಽ ಕುಂಡ್ರತೇನ್ರಿ ಅಂದ್ರೂ ಕೇಳವಲ್ರು. ಅವರ ರೊಟ್ಟಿ ಕಟ್ಟಿನ್ಯಾಗ ಹಾಕಬ್ಯಾಡ್ರಿ ಅಂದೆ, ಅದನ್ನೂ ಕೇಳವಲ್ರು."

ಇವರು ನನ್ನ ಕಡೆ ನೋಡಲಿಲ್ಲ, ಎಳೆಗಳನ್ನೇ ನೋಡುತ್ತಿದ್ದರು. "ಮನುಷ್ಯಾ ಕುಂತ್ರ ಗಾಳಿ ಬ್ಯಾರೆ ಆಗತೈತಿ," ಎಂದರು. "ಮೈ ಅಡ್ಡ ಬರತೈತಿ, ಮಾರಿ ಮುಂದ ಗಾಳಿ ಸುಳಿಯಾಗಿ ಹೊಳ್ಳತೈತಿ. ಮೂಲಿ ಆದ್ದರಿಂದ ಇಲ್ಲಿ ಭಾಳ."

"ಒಂದು ಗೊಂಬಿ ಮಾಡಿ ಇಡಬೇಕಿತ್ತು."

"ಗೊಂಬಿ ಉಸರಾಡೂದಿಲ್ಲ. ರೊಟ್ಟಿ ಬಡಿಯೂದಿಲ್ಲ. ಬಡಿಯೂ ಕೈನೂ ಗಾಳಿ ತಿರವತಾವ."

"ಮತ್ತ ನನ್ನ ಕರೀಬೇಕಿತ್ತಿಲ್ರಿ. ನನ್ನ ಜಾಗಾ, ನನ್ನ ಎತ್ತರಾ, ನನ್ನ ಕೈ. ಒಂದು ತಾಸು ಕುಂತಿದ್ರ ನಿಮ್ಮ ಅಳತಿ ಮುಗೀತಿತ್ತು."

ಆಗ ತಿರುಗಿ ನೋಡಿದರು. ಖಾಲಿ ಜಾಗವನ್ನಲ್ಲ, ನನ್ನನ್ನೇ. "ಈ ಹೊಗ್ಯಾಗ ನಿನ್ನ ಕುಂಡ್ರಿಸಿ ಅಳೀಲೇನು?" ಎಂದರು. "ಅಷ್ಟು ಕಲ್ತಿಲ್ಲ ನಾ."

ನನ್ನ ಬಳಿ ಬೈಗುಳ ಇನ್ನೂ ಬಹಳ ಉಳಿದಿದ್ದವು. ಒಳಗೆ ಹೋಗಿ ಚಹ ಮಾಡಿ ತಂದು ಅವರ ಪಕ್ಕಕ್ಕೆ ಇಟ್ಟೆ.

ಮರುದಿನ ಮೆಹಬೂಬ ಕಾಕಾ ಬಂದು, ಇವರು ಗುರುತು ಹಾಕಿದ ಕಡೆ, ಮೂಲೆಯ ಪಕ್ಕದ ಗೋಡೆಯಲ್ಲಿ, ಕೂತವರ ಹೆಗಲೆತ್ತರಕ್ಕೆ ಒಂದು ಇಟ್ಟಂಗಿ ಅಗಲದ ಉದ್ದ ಕಂಡಿ ಕೊರೆದರು. ಈ ಸಲ ಕಾಕಾ ಏನೂ ಕೇಳಲಿಲ್ಲ. ಒಲೆ ಹಚ್ಚಿದರು. ಇವರು ಮತ್ತೆ ಆ ಮಣೆಯ ಮೇಲೆ ಕೂತು ಅರ್ಧ ದಿನ ಬಡಿದರು. ಹೊಗೆ ಮುಖದ ಮುಂದೆ ಒಂದು ಕ್ಷಣ ಅನುಮಾನಿಸಿ, ಪಕ್ಕಕ್ಕೆ ಹೊರಳಿ, ಮೇಲೆ ಹೋಯಿತು. ಇಷ್ಟಕ್ಕೆ ನಂಬುವ ಜನವೇ? ಅದರ ಮರುದಿನವೂ ಕೂತರು. ಅದರ ಮರುದಿನವೂ. ಹದಿನೈದು ದಿನ ತುಂಬುವವರೆಗೆ ಖಾನಾವಳಿಯವರು ದಿನಕ್ಕೆ ಹತ್ತು ರೊಟ್ಟಿ ಬೇರೆ ತೆಗೆದಿಟ್ಟರು.

ಡಾಕ್ಟರು ಮತ್ತೆ ಎದೆ ನೋಡಿ, ಇವರು ಅಳತೆ ಬರೆದು ತಂದ ಹಿಟ್ಟು ಮೆತ್ತಿದ ವಹಿಯನ್ನೂ ನೋಡಿ, "ದಿನಾ ಒಂದೆರಡು ತಾಸು ಕುಂತು ನೋಡ್ರಿ, ಹೊಗಿ ಬಂತಂದ್ರ ಅವತ್ತಽ ಏಳಬೇಕು" ಎಂದರು.

ಹೀಗೆ ಕಳೆದ ಮಂಗಳವಾರ ನಾನು ನನ್ನ ಮಣೆಯ ಮೇಲೆ ಕೂತೆ. ಇವರು ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ತುಟಿಯ ಮುಂದೆ ಒಂದೇ ಒಂದು ಅರಳೆಯ ಎಳೆ ಹಿಡಿದರು. ಶಾಂತವ್ವ, ಉಳಿದವರು, ಎಲ್ಲರೂ ಕೈ ನಿಲ್ಲಿಸಿದರು. ಒಲೆ ಉರಿಯುತ್ತಿತ್ತು.

"ಉಸರಾಡು" ಎಂದರು.

ಉಸಿರಾಡಿದೆ. ಎಳೆ ಒಳಗೆ ಬಂತು, ಹೊರಗೆ ಹೋಯಿತು. ಮತ್ತೆ ಒಳಗೆ, ಮತ್ತೆ ಹೊರಗೆ. ನಡುವೆ ಎಲ್ಲೂ ಕೆಮ್ಮು ಬರಲಿಲ್ಲ. ಇವರ ವಹಿ ಪಕ್ಕದ ನೆಲದ ಮೇಲೆ ಮುಚ್ಚಿಕೊಂಡು ಬಿದ್ದಿತ್ತು.

"ಬರಕೊಳ್ಳೂದಿಲ್ಲೇನ್ರಿ?" ಎಂದೆ.

"ಬ್ಯಾಡ" ಎಂದರು. "ನೀ ಉಸರಾಡ್ತಾ ಇರು. ನಾ ನೋಡ್ತೇನಿ."

ಹಿಟ್ಟಿಗೆ ಕೈ ಹಾಕಿದೆ. ಮೊದಲ ರೊಟ್ಟಿ ಬಡಿಯುತ್ತಿದ್ದಂತೆ ನನ್ನ ಕಣ್ಣಿನಿಂದ ನೀರು ಇಳಿಯತೊಡಗಿತು. ಹೊಗೆ ಎಂದು ಹೇಳೋಣವೆಂದರೆ, ಅಲ್ಲಿ ಹೊಗೆಯೇ ಇರಲಿಲ್ಲ.